ಎರಡು ಸಮುದ್ರ ಕಂಡ ದೋನ್ಯಾ ತೋಮಾಸಾ

ಫೆಬ್ರವರಿ 8, ಶನಿವಾರ

ನನ್ನ ಹೆಂಡತಿ ಒತಿಲಿಯಾ ಬೆಳಗಿನ ಬಸ್ಸಿಗೆ ಮೊರೆಲಿಯಾಕ್ಕೆ ಹೋದಳು. ಅವಳ ತಂಗಿಗೆ ಕಣ್ಣಿನ ಪೊರೆ ತೆಗೆಸುವುದಿದೆ. ಮನೆ, ಮನೆಯ ನಾಲ್ಕು ಬಾಡಿಗೆ ಕೋಣೆ, ಬರುವ ಹೋಗುವ ಪ್ರವಾಸಿಗಳು, ಎಲ್ಲ ಇನ್ನು ನನ್ನ ತಲೆಯ ಮೇಲೆ. ಗ್ಯಾಸ್ ಮುಗಿದರೆ? ಕಣ್ಣಿನ ಡಾಕ್ಟರ ಕೈ ನಡುಗಿದರೆ? ಬಸ್ಸಿನ ಟಯರುಗಳನ್ನು ಸುತ್ತಿ ನೋಡಿದೆ, ಒಂದು ಸವೆದಿತ್ತು. ಡ್ರೈವರಿಗೆ ಹೇಳಿದೆ. "ನೀವೇನೂ ಹತ್ತೋದಿಲ್ವಲ್ಲ ಯಜಮಾನ್ರೇ" ಅಂದ.

ಒತಿಲಿಯಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದಳು: "ನಾಳೆ ಝಕಾತೆಕಾಸ್ ಕಡೆಯಿಂದ ಒಬ್ರು ಬರ್ತಾರೆ, ದೋನ್ಯಾ ತೋಮಾಸಾ ಅಂತ. ವಯಸ್ಸಾದೋರು. ಹುಟ್ಟಿದಾಗಿಂದ ಸಮುದ್ರನೇ ನೋಡಿಲ್ವಂತೆ. ನೋಡ್ಕೊಂಡು ಬಾ ಅಂತ ಮಕ್ಕಳು ಒಂದು ವಾರಕ್ಕೆ ಕಳಿಸ್ತಿದಾರೆ. ನಿಮ್ಮ ಪುರಾಣ ಶುರು ಮಾಡ್ಬೇಡಿ."

"ಪುರಾಣ ಅಲ್ಲ ಕಣೇ, ಎಚ್ಚರಿಕೆ. ಹೊಸಬರಿಗೆ ಹೇಳೋದು ಧರ್ಮ."

"ಪುಯೆಬ್ಲಾದ ಆ ಗಂಡ ಹೆಂಡ್ತಿ ನಿಮ್ಮ ಧರ್ಮ ಕೇಳಿ ಮೂರು ದಿನ ಕೋಣೇಲೇ ಇಸ್ಪೀಟ್ ಆಡಿ ಹೋದ್ರು. ಸಮುದ್ರ ನೋಡೋಕೆ ಬಂದೋರು ನೋಡ್ದೇ ಇನ್ನೊಬ್ರು ಈ ಮನೆಯಿಂದ ಹೋದ್ರೆ, ಬಾಗಿಲ ಬೋರ್ಡು ನಾನೇ ಕಿತ್ತು ಹಾಕ್ತೀನಿ. ಆಮೇಲೆ ನೀವೂ ನಿಮ್ಮ ಎಚ್ಚರಿಕೇನೂ ಇಬ್ರೇ ಸಂಸಾರ ಮಾಡ್ಕೊಳ್ಳಿ!"

ಬಸ್ಸು ಹೊರಟಿತು. ಟಯರಿನ ವಿಷಯ ಅವಳಿಗೆ ಹೇಳಲಿಲ್ಲ. ಈಗ ಅದೇ ಚಿಂತೆ.

ಇದನ್ನೆಲ್ಲ ಬರೆಯಲು ಹೇಳಿದ್ದು ಆಸ್ಪತ್ರೆಯ ಡಾಕ್ಟರಮ್ಮ. "ದೋನ್ ನಿಕಾನೋರ್, ಚಿಂತೆ ಒಳಗಿಟ್ಕೊಂಡ್ರೆ ನಿಮ್ಮ ಬಿ.ಪಿ. ಏರುತ್ತೆ. ಹೊರಗೆ ಹೇಳಿದ್ರೆ ನನ್ನ ಬಿ.ಪಿ. ಏರುತ್ತೆ. ಬರೆದು ಮುಚ್ಚಿಡಿ" ಅಂದರು. ಐದನೇ ಕ್ಲಾಸಿನ ಮಧ್ಯೆ ಶಾಲೆ ಬಿಟ್ಟವನು ನಾನು. ಇರಲಿ, ತಪ್ಪು ತಿದ್ದುವವರು ಯಾರಿದ್ದಾರೆ ಇಲ್ಲಿ.

ಫೆಬ್ರವರಿ 9, ಭಾನುವಾರ

ಬಂದರು. ಸಣ್ಣ ಆಕೃತಿ, ಕರಿ ಬೂಟು, ಈ ಸೆಕೆಯಲ್ಲೂ ಉಣ್ಣೆಯ ಶಾಲು. ಬಸ್ಸಿನಿಂದ ಇಳಿದವರೇ ಕೇಳಿದ ಮೊದಲ ಮಾತು, "ಸಮುದ್ರ ಯಾವ ಕಡೆ ಐತ್ರಿ?" ಮೇಲಿನ ಒಣ ಸೀಮೆಯ ಮಾತು, ಪ್ರತಿ ಪದಕ್ಕೂ ಒಂದು ಮಣೆ ಹಾಕಿ ಕೂರಿಸಿದ ಹಾಗೆ.

ಹೇಳಬಾರದು ಅಂತಲೇ ಇದ್ದೆ. ಆದರೆ ಟ್ಯಾಕ್ಸಿ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಬೇಕು ಎಂಬುದನ್ನು ಹೇಳದಿರುವುದು ಹೇಗೆ? ಹೇಳಿದೆ. ಬರೀ ಹೇಳಿದರೆ ಸಾಲದೆಂದು ಮಾಡಿಯೂ ತೋರಿಸಿದೆ. ಟ್ಯಾಕ್ಸಿಯವನು ಚರ್ಚಿನಲ್ಲಿ ನನ್ನ ಮಗನ ದೀಕ್ಷಾಸ್ನಾನಕ್ಕೆ ಜ್ಞಾನಪಿತನಾಗಿ ನಿಂತವನು, ಇಪ್ಪತ್ತು ವರ್ಷದಿಂದ ನನ್ನಿಂದ ಬಾಡಿಗೆಯನ್ನೇ ಮುಟ್ಟಿದವನಲ್ಲ. "ಎಷ್ಟಪ್ಪಾ ತಗೋತೀಯ?" ಎಂದು ಗಟ್ಟಿಯಾಗಿ ಕೇಳಿದೆ. ಅವನು ಬಾಯಿ ಬಿಟ್ಟು ನೋಡಿದ. ಮನೆ ತಲುಪುವವರೆಗೂ ಮಾತಾಡಲಿಲ್ಲ. ನಾಳೆ ಹೋಗಿ ಸಮಾಧಾನ ಮಾಡಬೇಕು.

ನಮ್ಮ ಮನೆಯಿಂದ ಸಮುದ್ರಕ್ಕೆ ಮೂರೇ ಬೀದಿ. ಆದರೆ ದಡದಲ್ಲಿ ದೊಡ್ಡ ಹೋಟೆಲು ಎದ್ದ ಮೇಲೆ ಮಾಳಿಗೆ ಹತ್ತಿದರೂ ಕಾಣುವುದಿಲ್ಲ, ಸದ್ದು ಮಾತ್ರ ಬರುತ್ತದೆ. ಸಂಜೆ ಅಂಗಳದಲ್ಲಿ ಕೂತು ಆಕೆ ಕಿವಿಗೊಟ್ಟು ಕೇಳಿದರು.

"ಆ ಗುಂಯ್ ಅನ್ನೋದು ಏನ್ರಿ? ಗಿರಣಿ ಏನ?"

"ಅದೇ ಅಮ್ಮಾ ಸಮುದ್ರ."

"ಹೌದೇನು! ರಾತ್ರಿನೂ ಬಂದ್ ಮಾಡೂದಿಲ್ಲೇನು?"

ಫೆಬ್ರವರಿ 10, ಸೋಮವಾರ

ಬೆಳಿಗ್ಗೆ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದರು, ಹೊರಟೇಬಿಟ್ಟ ಹಾಗೆ. ತಿಂಡಿ ತಿಂದು ಹೋಗಿ ಅಂದೆ. ತಿಂಡಿಯ ಮುಂದೆ ಕೂತ ಮನುಷ್ಯರಿಗೆ ನಾಲ್ಕು ಮಾತು ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ನಲ್ಲಿ ನೀರು ಕುಡಿಯಬೇಡಿ, ಹಲ್ಲುಜ್ಜುವುದಕ್ಕೂ ಕ್ಯಾನಿನ ನೀರೇ. ಬೀದಿ ಪಾನಕದಲ್ಲಿ ಮಂಜುಗಡ್ಡೆ ನಡುವೆ ತೂತಿರುವ ಬಳೆಯಂಥದ್ದಾದರೆ ಫ್ಯಾಕ್ಟರಿಯದು, ಕುಡಿಯಬಹುದು. ಒಡೆದ ಚೂರಾದರೆ ಬೇಡ. ಬಿಸಿಲು ಹನ್ನೊಂದರ ಮೇಲೆ ಕೆಟ್ಟದು, ಮೋಡವಿದ್ದರೂ ಸುಡುತ್ತದೆ, ಮೊದಲು ಸುಡುವುದು ಪಾದದ ಮೇಲ್ಭಾಗ, ಯಾರೂ ಅಲ್ಲಿ ಕ್ರೀಮು ಹಚ್ಚುವುದಿಲ್ಲ. ತೆಂಗಿನ ಮರದ ಕೆಳಗೆ ಕೂರಬೇಡಿ. ಬೂಟನ್ನು ಕೊಡವಿಯೇ ಹಾಕಿಕೊಳ್ಳಿ, ಚೇಳು ಇರುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಆಕೆ ಪಾದ್ರಿಯ ಉಪದೇಶ ಕೇಳುವವರಂತೆ ಕೈಕಟ್ಟಿ ಕೂತು, "ಹೌದೇನ್ರಿ, ಮತ್ತ?" ಅನ್ನುತ್ತಿದ್ದರು. ಹಾಗೆ ಕೇಳಿದರೆ ನಾನೇನು ಮಾಡಲಿ? ಸಮುದ್ರಕ್ಕೇ ಬಂದೆ. ಕೆಂಪು ಬಾವುಟವಿದ್ದರೆ ನೀರು ಮುಟ್ಟಬೇಡಿ. ಹಳದಿಯಿದ್ದರೆ ಮೊಣಕಾಲಿಗಿಂತ ಮುಂದೆ ಬೇಡ. ಹಸಿರಿದ್ದರೂ ಸಮುದ್ರಕ್ಕೆ ಬೆನ್ನು ತಿರುಗಿಸಬೇಡಿ. ಎಳೆದುಕೊಂಡು ಹೋದರೆ ಎದುರು ಈಜಬೇಡಿ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ.

"ನನಗ ಈಜು ಬರೂದಿಲ್ಲಲ್ರಿ."

"ನನಗೂ ಬರಲ್ಲ ಅಮ್ಮಾ. ಅದಕ್ಕೇ ಹೇಳ್ತಿರೋದು."

ಆಕೆ ಶಾಲನ್ನು ಬಿಚ್ಚಿ ಮಡಚಿಟ್ಟರು. "ಹಂಗಾರ ನಾಳೆ ಹೋಗೂಣು ಬಿಡ್ರಿ, ದೇವರ ದಯೆ ಇದ್ರ." ದಿನವೆಲ್ಲ ಅಂಗಳದಲ್ಲಿ ಕೂತು ನಮ್ಮ ಮನೆಯ ಹುರುಳಿಕಾಯಿ ನಾರು ತೆಗೆದುಕೊಟ್ಟರು.

ಸಮಾಧಾನವಾಯಿತು. ಅಂಗಳದಲ್ಲಿ ಅಲೆ ಬರುವುದಿಲ್ಲ.

ಫೆಬ್ರವರಿ 11, ಮಂಗಳವಾರ

ತೊರಕೆ ಮೀನು! ಮರೆತೇಹೋಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಬಾಗಿಲು ತಟ್ಟಿ ಹೇಳಿದೆ. ತೀರದ ಮರಳಿನಲ್ಲಿ ತಟ್ಟೆಯ ಹಾಗೆ ಮಲಗಿರುತ್ತದೆ, ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಕಾಲು ಎತ್ತಿ ಇಡಬಾರದು, ಮರಳಿಗೆ ಉಜ್ಜುತ್ತಾ ಉಜ್ಜುತ್ತಾ ನಡೆಯಬೇಕು, ಅದೇ ಸರಿದುಹೋಗುತ್ತದೆ. ಅಂಗಳದಲ್ಲಿ ನಡೆದು ತೋರಿಸಿದೆ. ಆಕೆಯೂ ಶ್ರದ್ಧೆಯಿಂದ ಕಲಿತರು. ಬೂಟು ಬಿಚ್ಚಿ, ಕಾಲುಚೀಲದಲ್ಲಿ, ಬಾವಿಕಟ್ಟೆಯಿಂದ ಅಡುಗೆಮನೆಯವರೆಗೆ ಉಜ್ಜುತ್ತಾ ಹೋಗಿ ಉಜ್ಜುತ್ತಾ ಬಂದರು.

ಎದುರುಮನೆಯಲ್ಲಿ ಅಂಗಡಿ ಇಟ್ಟಿರುವ ಲಿಚಾ ತೋರ್ತಿಯಾ ರೊಟ್ಟಿಯ ಬುಟ್ಟಿ ಹಿಡಿದು ಒಳಗೆ ಬಂದವಳು ನಿಂತು ನೋಡಿದಳು. "ದೋನ್ ನಿಕಾನೋರ್, ಬಾಡಿಗೆ ಕೊಟ್ಟು ಬಂದೋರ ಕೈಲಿ ನೆಲ ಒರೆಸ್ಕೋತೀರಲ್ಲ, ನಾಚಿಕೆ ಇಲ್ವಾ?"

"ಸಮುದ್ರಕ್ಕೆ ಹೋಗೋ ತಯಾರಿ ಕಣಮ್ಮಾ."

"ಸಮುದ್ರಕ್ಕಾ? ನಾವೆಲ್ಲ ಬರೀ ಟವಲ್ ತಗೊಂಡು ಹೋಗ್ತೀವಪ್ಪ."

ಸಂಜೆ ಒತಿಲಿಯಾ ಫೋನು ಮಾಡಿದಳು. ತಂಗಿಯ ಕಣ್ಣು ಚೆನ್ನಾಗಿದೆಯಂತೆ. ಆಮೇಲೆ, "ಫೋನ್ ಅವರಿಗೆ ಕೊಡಿ" ಅಂದಳು. ದೋನ್ಯಾ ತೋಮಾಸಾ ಫೋನನ್ನು ಎರಡು ಕೈಯಲ್ಲಿ ಹಿಡಿದು ಒಮ್ಮೆ ನನ್ನ ಮುಖ ನೋಡಿದರು.

"ಹೌದ್ರಿ ಅಕ್ಕಾರ, ಸಮುದ್ರ ಭಾಳ ಛಲೋ ಐತ್ರಿ. ಭಾಳ ದೊಡ್ಡದು."

ಫೋನು ಇಟ್ಟು ಹುರುಳಿಕಾಯಿಗೆ ವಾಪಸು ಹೋದರು. ನಾನು ಅವರಿಗೆ ಎರಡು ತೋರ್ತಿಯಾ ಜಾಸ್ತಿ ಬಡಿಸಿದೆ.

ಫೆಬ್ರವರಿ 12, ಬುಧವಾರ

ಗಾಳಿ. ಹಳದಿ ಬಾವುಟ. ಹೋಗಲಿಲ್ಲ. ಆಕೆಗೆ ಅಗಲ ಅಂಚಿನ ಟೋಪಿ ತಂದುಕೊಟ್ಟೆ. ಅಂಗಳದಲ್ಲೇ ಹಾಕಿಕೊಂಡು ಕೂತಿದ್ದರು.

ಫೆಬ್ರವರಿ 13, ಗುರುವಾರ

ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಬೆಳಿಗ್ಗೆ ಬಿ.ಪಿ. ತೋರಿಸಲು ಆಸ್ಪತ್ರೆಗೆ ಹೋಗಿದ್ದೆ. ಸ್ವಲ್ಪ ಇಳಿದಿದೆ ಅಂದರು. ಖುಷಿಯಿಂದ ಮನೆಗೆ ಬಂದರೆ ದೋನ್ಯಾ ತೋಮಾಸಾ ಇಲ್ಲ. ಕೋಣೆ ಖಾಲಿ, ಬೂಟು ಇಲ್ಲ, ಟೋಪಿ ಇಲ್ಲ. ಇಳಿದದ್ದೆಲ್ಲ ಏರಿತು.

ಲಿಚಾಳ ಬಳಿ ಓಡಿದೆ. "ಹ್ಞೂಂ, ಇಲ್ಲೇ ಬಂದು ದಾರಿ ಕೇಳಿದ್ರು" ಅಂದಳು, ತೋರ್ತಿಯಾ ತಟ್ಟುತ್ತಲೇ.

"ಸಮುದ್ರದ ದಾರೀನಾ?"

"ಅಲೆ ಇಲ್ಲದ ಸಮುದ್ರ ಎಲ್ಲೈತ್ರಿ ಅಂದ್ರು. ನೀವು ಹೆದರ್ಸಿದ್ದೀರಲ್ಲ, ಅಲೆ ಬೇಡ್ವಂತೆ. ಆ ಕಡೆ ಅಂತ ಕೈ ತೋರಿಸ್ದೆ."

"ಅಲೆ ಇಲ್ಲದ ಸಮುದ್ರ ಎಲ್ಲಿದೆಯೇ ನಮ್ಮೂರಲ್ಲಿ?"

"ನಂಗೇನು ಗೊತ್ತು! ಆದ್ರೆ ಅಷ್ಟು ದೂರದಿಂದ ಬಂದ ಹೆಂಗಸು ಬಾಯಿ ಬಿಟ್ಟು ಕೇಳಿದ್ಮೇಲೆ ಗೊತ್ತಿಲ್ಲ ಅಂತ ಮುಖಕ್ಕೆ ಹೊಡ್ದಂಗೆ ಹೇಳೋಕಾಗುತ್ತಾ?"

ಅದೂ ನಿಜವೇ. ನಮ್ಮ ಕಡೆ ದಾರಿ ಕೇಳಿದವರಿಗೆ ಗೊತ್ತಿಲ್ಲ ಅಂದರೆ ಮನೆಗೆ ಬಂದವರಿಗೆ ಬಾಗಿಲು ಹಾಕಿದ ಹಾಗೆ. ನಾನಾಗಿದ್ದರೂ ಯಾವುದಾದರೂ ಒಂದು ಕಡೆ ತೋರಿಸುತ್ತಿದ್ದೆ. ಲಿಚಾ ತೋರಿಸಿದ ದಿಕ್ಕಿನಲ್ಲಿ ಕ್ಷೌರದಂಗಡಿಯ ಪೊರ್ಫಿರಿಯೊ ಇದ್ದಾನೆ. ಅವನೂ ಮರ್ಯಾದಸ್ಥ, ಕತ್ತರಿ ಹಿಡಿದ ಕೈಯಲ್ಲೇ ಎಡಕ್ಕೆ ತೋರಿಸಿದನಂತೆ. ಎಡಕ್ಕೆ ಏನಿದೆ ಎಂದು ನಾನು ಕೇಳಿದರೆ, "ಎಡಕ್ಕೆ ಹೋದ್ರೆ ಇನ್ನೊಬ್ರು ಸಿಕ್ತಾರಲ್ಲ, ಕೇಳ್ಕೋತಾರೆ" ಅಂದ.

ನಾನು ಎಡಕ್ಕೆ ಹೋಗಲಿಲ್ಲ. ಬುದ್ಧಿ ಕೆಟ್ಟಿತ್ತು, ನೇರ ಸಮುದ್ರಕ್ಕೇ ಓಡಿದೆ. ದಡ ಕಾಯುವ ಉಬಾಲ್ದೊ ತನ್ನ ಮರದ ಏಣಿಯ ಮೇಲೆ ಕಲ್ಲಂಗಡಿ ತಿನ್ನುತ್ತಿದ್ದ. ಕರಿ ಬೂಟಿನ ಮುದುಕಿಯನ್ನು ನೋಡಿದೆಯಾ ಅಂದೆ. ನೋಡಲಿಲ್ಲ ಅಂದ. ಒದ್ದೆ ಮರಳು ಎಲ್ಲಿಂದ ಶುರುವಾಗುತ್ತದೋ ಅಲ್ಲಿ ನಿಂತು ಕೂಗಿದೆ. ಅಲೆಗಳು ಒಂದರ ಹಿಂದೊಂದು ಬಂದು ಮಗುಚುತ್ತಿದ್ದವು, ಯಾರನ್ನೋ ನುಂಗಿ ಬಾಯಿ ಒರೆಸಿಕೊಳ್ಳುವವರ ಹಾಗೆ. ಆಕೆಯ ಮಕ್ಕಳಿಗೆ ಏನೆಂದು ಹೇಳಲಿ? ಸಮುದ್ರ ನೋಡದೆ ಹೋದರೇ ಒತಿಲಿಯಾ ಬೋರ್ಡು ಕೀಳುತ್ತಾಳೆ, ಹೀಗಾದರೆ ನನ್ನನ್ನೇ ಕೀಳುತ್ತಾಳೆ.

ಮನೆಗೆ ಬಂದು ಬಾಗಿಲಲ್ಲಿ ನಿಂತೆ. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ದೋನ್ಯಾ ತೋಮಾಸಾ ಬಂದರು. ಲಂಗ ಮೊಣಕಾಲಿನವರೆಗೆ ಒದ್ದೆ, ಕೈಯಲ್ಲಿ ಬೂಟು, ಮುಖ ಹಬ್ಬದ ದಿನದ್ದು.

"ನೋಡಿದೆ ನೋಡ್ರಿ ಸಮುದ್ರ! ನೀವು ಸುಮ್ಮ ಅಂಜಿಸಿದ್ರಿ. ಒಂದೂ ಅಲೆ ಇಲ್ಲ! ಹಸರ ನೀರು, ನೀರಾಗ ಗಿಡ ನಿಂತಾವ, ಬಿಳಿ ಕೊಕ್ಕರೆ ಕುಂತಾವ. ನೀವು ಹೇಳಿದಂಗ ಕಾಲು ಉಜ್ಜಿಕೋತ ಉಜ್ಜಿಕೋತ ಇಳಿದೆ. ಒಂದು ಮರದ ದಿಮ್ಮಿ ತೇಲತಿತ್ತು. ಪಾಪ, ನಾ ಹ್ವಾದ್ ಕೂಡ್ಲೆ ತಾನಾಗೆ ಸರದು ಹಾದಿ ಬಿಟ್ತು!"

ಎಡಕ್ಕೆ ಹೋದಾಗ ಸಿಕ್ಕ ಐಸ್‌ಕ್ರೀಮಿನ ಗಾಡಿಯವನು ಆಕೆಯನ್ನು ಕೊನೆಗೆ ಕಳಿಸಿದ್ದು ಊರ ಹಿಂದಿನ ಹಿನ್ನೀರಿಗೆ. ನದಿ ಬಂದು ಮರಳದಿಬ್ಬಕ್ಕೆ ತಡೆದು ನಿಂತು, ನೀರಲ್ಲೇ ಬೇರೂರುವ ಕಾಂಡ್ಲಾ ಗಿಡಗಳ ನಡುವೆ ಕೊಳೆಯುವ ಜಾಗ. ಅಲ್ಲಿ ದಿಮ್ಮಿಗಳು ತೇಲುವುದಿಲ್ಲ. ಅಲ್ಲಿ ತೇಲುವುದು ಮೊಸಳೆ.

ಬೀದಿಯವರೆಲ್ಲ ಹೊರಗೆ ಬಂದಿದ್ದರು. ಲಿಚಾ ಚಪ್ಪಾಳೆ ತಟ್ಟಿದಳು. ಪೊರ್ಫಿರಿಯೊ ಕೈಕುಲುಕಿದ. ಮೊಮ್ಮಕ್ಕಳಿಗೆ ತೋರಿಸಲು ಆಕೆ ಒಂದು ಬಾಟಲಿ ತುಂಬ ನೀರು ತಂದಿದ್ದರು. ಎಲ್ಲರೂ ಚದುರಿದ ಮೇಲೆ, ನಾನೇ ತಪ್ಪು ತಿಳಿದಿರಬಹುದೇನೋ ಎಂಬ ಒಂದೇ ಆಸೆಯಿಂದ, ಒಂದು ಹನಿ ನಾಲಿಗೆಗೆ ಹಚ್ಚಿಕೊಂಡೆ. ಕೆಸರು. ಈಗ ಹೊಟ್ಟೆಯ ಚಿಂತೆಯೂ ಸೇರಿತು.

ಫೆಬ್ರವರಿ 14, ಶುಕ್ರವಾರ

ಹೊಟ್ಟೆಗೆ ಏನೂ ಆಗಲಿಲ್ಲ. ಇನ್ನೂ ಆಗಬಹುದು.

ಲೆಕ್ಕ ಹಾಕಿ ನೋಡಿದರೆ ಎಲ್ಲ ಒಳ್ಳೆಯದೇ ಆಗಿದೆ. ಆಕೆ ಸಮುದ್ರ ನೋಡಿದೆ ಅಂತ ಸಂತೋಷವಾಗಿದ್ದಾರೆ. ಒತಿಲಿಯಾ ಕೇಳಿದರೆ ಸುಳ್ಳಲ್ಲದ ಸುಳ್ಳು ಸಿದ್ಧವಾಗಿದೆ. ಅಲೆಯಿಲ್ಲ, ಎಳೆತವಿಲ್ಲ. ಭಾನುವಾರ ಬಸ್ಸು ಹತ್ತಿಸಿದರೆ ಮುಗಿಯಿತು. ನಾನು ನಿದ್ದೆ ಮಾಡಬೇಕಿತ್ತು. ಮಾಡಲಿಲ್ಲ.

ಬೆಳಿಗ್ಗೆ ಆಕೆ ಲಿಚಾಳ ಅಂಗಡಿಯ ಮುಂದೆ ಕೂತು ಮಕ್ಕಳಿಗೆಲ್ಲ ಸಮುದ್ರದ ವರ್ಣನೆ ಮಾಡುತ್ತಿದ್ದರು. ಐಸ್‌ಕ್ರೀಮಿನವನು ಸಮುದ್ರ ನೋಡಿ ಬಂದದ್ದಕ್ಕೆಂದು ಒಂದು ಲೋಟ ಹುಣಸೆಹಣ್ಣಿನ ಐಸ್‌ಕ್ರೀಮು ಕೈಗಿಟ್ಟ. ಆಕೆ ಒಂದು ಚಮಚ ತಿಂದು ತಲೆಯೆತ್ತಿದರು.

"ಒಂದು ಮಾತು ಕೇಳ್ತೀನ್ರಿ. ಸಮುದ್ರ ಉಪ್ಪಿರತೈತಿ ಅಂತಿದ್ರಲ್ಲ ಎಲ್ಲಾರು. ನನಗೇನು ಉಪ್ಪು ಹತ್ತಲಿಲ್ಲಲ್ರಿ?"

ಪೊರ್ಫಿರಿಯೊ ಮೇಲೆ ನೋಡಿದ. ಐಸ್‌ಕ್ರೀಮಿನವನು ಗಾಡಿಯ ಚಕ್ರ ನೋಡಿದ. ಕೊನೆಗೆ ಲಿಚಾ, "ಫೆಬ್ರವರಿಲಿ ಉಪ್ಪು ಸ್ವಲ್ಪ ಕಮ್ಮಿ ಅಮ್ಮಾ" ಅಂದಳು.

"ಹೌದೌದು, ಸೀಸನ್ನು" ಅಂದ ಪೊರ್ಫಿರಿಯೊ.

ಆಕೆ "ಹಂಗೇನ್ರಿ" ಎಂದು ತಲೆಯಾಡಿಸಿದರು.

ಲಿಚಾಳನ್ನು ಪಕ್ಕಕ್ಕೆ ಕರೆದೆ. "ಹೇಳಿಬಿಡೋಣ ಕಣೇ."

"ಹುಚ್ಚಾ ನಿಮಗೆ? ಅಷ್ಟು ಸಂತೋಷವಾಗಿದಾರೆ. ನಾಡಿದ್ದು ಹೋಗೋರು. ಯಾಕೆ ಕೆಡಿಸ್ತೀರಾ?"

"ಊರಿಗೆ ಹೋಗಿ ಮೊಮ್ಮಕ್ಕಳಿಗೆ ಸಮುದ್ರ ಅಂದ್ರೆ ಗಿಡ ಬೆಳೆಯೋ ಗುಂಡಿ ಅಂತ ಹೇಳ್ತಾರೆ."

"ಹೇಳ್ಲಿ ಬಿಡಿ. ಸಮುದ್ರಕ್ಕೇನು ಬೇಜಾರಾಗುತ್ತಾ?"

ಸಮುದ್ರಕ್ಕೆ ಆಗುವುದಿಲ್ಲ. ನನಗೆ ಆಗುತ್ತಿದೆ. ಒಂದು ವಾರಕ್ಕೆ ಅಂತ ಬಂದು, ಅದರಲ್ಲಿ ನಾಲ್ಕು ದಿನ ನನ್ನ ಅಂಗಳದಲ್ಲಿ, ಹುರುಳಿಕಾಯಿಯ ಮುಂದೆ ಕಳೆದರು. ಐದನೆಯ ದಿನ ಅಲೆಗೆ ಹೆದರಿ ಮೊಸಳೆಯ ಬಾಯಿಗೆ ಹೋದರು. ಅಲೆಯ ಹೆದರಿಕೆ ಇಟ್ಟದ್ದು ನಾನು. ಮೊಸಳೆಯ ವಿಷಯ ಹೇಳಿಯೇ ಇರಲಿಲ್ಲ. ಹೇಳಬೇಕಾದ್ದು ಒಂದೇ ಒಂದನ್ನು ಬಿಟ್ಟಿದ್ದೆ, ಅದೇ ಎದುರಾಯಿತು.

ಮೂರು ಸಲ ಆಕೆಯ ಬಾಗಿಲವರೆಗೆ ಹೋಗಿ ಕ್ಯಾನಿನಲ್ಲಿ ನೀರಿದೆಯಾ ಅಂತ ಕೇಳಿ ವಾಪಸು ಬಂದೆ.

ಫೆಬ್ರವರಿ 15, ಶನಿವಾರ

ಹೇಳಿದೆ. ಕಾಫಿ ಲೋಟ ಕೈಗೆ ಕೊಡುತ್ತಲೇ, ಕೊಟ್ಟ ಮೇಲೆ ಧೈರ್ಯ ಉಳಿಯುವುದಿಲ್ಲವೆಂದು.

"ಅಮ್ಮಾ, ನೀವು ನೋಡಿದ್ದು ಸಮುದ್ರ ಅಲ್ಲ."

ಆಕೆ ಕಾಫಿ ಊದಿಕೊಂಡರು. "ಗೊತ್ತೈತ್ರಿ."

"ಗೊತ್ತಾ?"

"ನಾ ಬಯಲಸೀಮಿ ಹೆಂಗಸು ಖರೆ, ಕಿವುಡಿ ಅಲ್ಲ. ಗುಂಯ್ ಅನ್ನೂದು ಈ ಕಡಿಂದ ಬರತೈತಿ. ನಾ ಹೋಗಿದ್ದು ಆ ಕಡಿಗೆ."

"ಮತ್ತೆ ಯಾಕಮ್ಮಾ ಹೇಳ್ಲಿಲ್ಲ?"

"ಹ್ಯಾಂಗ ಹೇಳೂದ್ರಿ? ಪಾಪ, ಮೂರು ಮಂದಿ ಕೆಲಸ ಬಿಟ್ಟು ಹಾದಿ ತೋರಿಸ್ಯಾರ. ನೀವು ನೋಡಿದ್ರ ಬಾಗಿಲದಾಗ ಅಳೂ ಮುಖ ಮಾಡಿಕೊಂಡು ನಿಂತೀರಿ. ಇದು ಅಲ್ರಿ ಅಂದ್ರ ಎಲ್ಲಾರಿಗೂ ಬ್ಯಾಸರ. ಉಪ್ಪಿನ ಮಾತು ತಗದು ನೋಡಿದೆ, ಯಾರಾರ ಬಾಯಿ ಬಿಡ್ತಾರೇನಂತ. ಆ ತೋರ್ತಿಯಾದಾಕಿ ಭಾಳ ಶ್ಯಾಣ್ಯಾ ಅದಾಳ."

ನನಗೆ ನಗು ಬಂತು, ಅಳುವೂ ಬಂತು. "ಹಾಗಾದ್ರೆ ಆ ದಿಮ್ಮಿನೂ ನಿಮಗೆ ಗೊತ್ತಿತ್ತಾ?"

"ದಿಮ್ಮಿ? ದಿಮ್ಮಿಗೇನಾಗೇತ್ರಿ?"

ಬಾಯಿಗೆ ಬಂದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಆಕೆಯ ಮುಖ ನೋಡಿದೆ. "ಏನಿಲ್ಲಮ್ಮಾ, ಒಳ್ಳೆ ಮರ ಅದು" ಅಂದೆ.

ಆಕೆ ಲೋಟ ಕೆಳಗಿಟ್ಟರು. "ನಾಳೆ ಬಸ್ಸು. ನೀವು ಹೇಳಿದ್ದೆಲ್ಲಾ ಕೇಳಿ ಅಂಜಿಕಿ ಆಗೇತ್ರಿ ನನಗ, ಸುಳ್ಳು ಯಾಕ ಹೇಳ್ಲಿ. ಒಬ್ಬಾಕಿ ಇಳಿಯೂದಿಲ್ಲ. ನೀವು ಇಳಿದ್ರ ನಾ ಇಳಿತೀನಿ."

"ನಾನಾ?"

"ಮತ್ತ ಯಾರು? ಅದರ ಅಷ್ಟೂ ಗುಣ ಗೊತ್ತಿರಾವ್ರು ನೀವ ಅಲ್ಲೇನು?"

ಗುಣ ಗೊತ್ತಿರುವುದರಿಂದಲೇ ನಾನು ಇಳಿಯುವುದಿಲ್ಲ. ಮದುವೆಗೆ ಮುಂಚೆ ಒಮ್ಮೆ ಇಳಿದಿದ್ದೆ, ಒಂದು ಅಲೆ ನನ್ನನ್ನು ಉರುಳಿಸಿ ದಡಕ್ಕೆ ಒಗೆಯಿತು, ಚಡ್ಡಿಯನ್ನು ತಾನೇ ಇಟ್ಟುಕೊಂಡಿತು. ಇವತ್ತಿಗೂ ಪೊರ್ಫಿರಿಯೊ ಅದನ್ನು ಎಲ್ಲರ ತಲೆ ಬೋಳಿಸುವಾಗ ಹೇಳುತ್ತಾನೆ. ಬೇಡ, ಆಗುವುದಿಲ್ಲ, ಬಿ.ಪಿ. ಇದೆ, ಅಂತ ಹೇಳಬೇಕೆಂದು ಬಾಯಿ ತೆರೆದೆ. ಆಕೆ ಆಗಲೇ ಶಾಲು ಮಡಚಿ ಕುರ್ಚಿಯ ಮೇಲಿಟ್ಟು, ಟೋಪಿ ಹಾಕಿಕೊಂಡು ನಿಂತಿದ್ದರು. ಸೋಮವಾರ ನಿಂತಿದ್ದ ಜಾಗದಲ್ಲೇ.

ಪ್ಯಾಂಟಿಗೆ ಬೆಲ್ಟು ಹಾಕಿದೆ, ಅದರ ಮೇಲೆ ಒಂದು ಹಗ್ಗ ಕಟ್ಟಿದೆ. ಹೊರಟೆವು. ವಿಷಯ ತಿಳಿದು ಲಿಚಾ ಅಂಗಡಿ ಮುಚ್ಚಿ ಬಂದಳು, ಪೊರ್ಫಿರಿಯೊ ಅರ್ಧ ಬೋಳಿಸಿದ ಗಿರಾಕಿಯನ್ನೂ ಕರೆದುಕೊಂಡು ಬಂದ. ಯಾರೂ ಹಿನ್ನೀರಿನ ಮಾತು ಎತ್ತಲಿಲ್ಲ. ಆಕೆಯೂ ಎತ್ತಲಿಲ್ಲ.

ಹೋಟೆಲಿನ ಗೋಡೆ ದಾಟಿದ ಕೂಡಲೇ ಆಕೆ ನಿಂತುಬಿಟ್ಟರು. ನಾನು ಉಬಾಲ್ದೊನ ಬಳಿ ಹೋದೆ.

"ಹಸಿರೇನಾ?"

"ಹಸಿರು."

"ಸರಿಯಾಗಿ ನೋಡು. ಗಾಳಿ ಬರುತ್ತಾ ಮಧ್ಯಾಹ್ನ? ನಿನ್ನೆ ಏನಿತ್ತು?"

"ದೋನ್ ನಿಕಾನೋರ್, ಇದಕ್ಕಿಂತ ಹಸಿರು ಬಟ್ಟೆ ನನ್ನ ಹತ್ರ ಇಲ್ಲ."

ತಿರುಗಿ ಬಂದಾಗಲೂ ಆಕೆ ಅಲ್ಲೇ ನಿಂತಿದ್ದರು. ಇಷ್ಟು ದಿನ ಏನು ಹೇಳಿದರೂ ಹೌದೇನ್ರಿ ಎನ್ನುತ್ತಿದ್ದವರು ಈಗ ಬಾಯಿಯನ್ನೇ ತೆರೆಯಲಿಲ್ಲ. ನನಗೆ ಗಾಬರಿಯಾಯಿತು, ಬಿಸಿಲು ಹೊಡೆಯಿತೇನೋ ಅಂತ.

"ಇದರ ಆ ಕಡಿ ದಂಡಿ ಎಲ್ಲೈತ್ರಿ?"

"ಇಲ್ಲಮ್ಮಾ. ಅಂದ್ರೆ, ಇದೆ. ಕಾಣಲ್ಲ."

"ಕಾಣೂದಿಲ್ಲ" ಅಂದರು ಮೆಲ್ಲಗೆ. ಆಮೇಲೆ ಮರಳಿನ ಮೇಲೆ ಕೂತು ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿ ಬೂಟಿನೊಳಗೆ ತುರುಕಿದರು, ನನ್ನ ಕಡೆ ಕೈ ಚಾಚಿದರು.

ಹಿಡಿದುಕೊಂಡೆ. ಇಬ್ಬರೂ ಕಾಲು ಉಜ್ಜುತ್ತಾ ಇಳಿದೆವು. ಹಿಂದಿನಿಂದ ಲಿಚಾ, "ಇಬ್ರೂ ಸೇರಿ ಚೆನ್ನಾಗಿ ಒರೆಸ್ರಪ್ಪಾ, ಮೂಲೆಯಲ್ಲಿ ಕಸ ಇದೆ!" ಎಂದು ಕೂಗಿದಳು. ನೀರು ಪಾದಕ್ಕೆ ಬಂತು. ತಣ್ಣಗಿತ್ತು. ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳನ್ನು ಎಳೆದುಕೊಂಡು ಹೋಯಿತು. ಆಕೆ ನನ್ನ ಬೆರಳುಗಳನ್ನು ಮುರಿಯುವ ಹಾಗೆ ಹಿಡಿದರು. "ಎಳೀತೈತಿ!" "ಎಳೆಯುತ್ತೆ, ಸುಮ್ನೆ ನಿಂತ್ಕೊಳ್ಳಿ, ಬಿಡುತ್ತೆ." ಬಿಟ್ಟಿತು. ಇನ್ನೊಂದು ಬಂತು, ಮೊಣಕಾಲಿಗೆ. ಆಕೆ ನಕ್ಕರು.

ಆಗ ನೆನಪಾಯಿತು. ಆಕೆಯ ಕಡೆ ಪೂರಾ ತಿರುಗಿ, ಬೆರಳೆತ್ತಿ ಹೇಳಿದೆ: "ಅಮ್ಮಾ, ಏನೇ ಆದ್ರೂ ಸಮುದ್ರಕ್ಕೆ ಬೆನ್ನು ತಿರುಗಿಸ್ಬೇ..."

ಅಷ್ಟು ಹೇಳಲು ನಾನು ಬೆನ್ನು ತಿರುಗಿಸಿದ್ದೆ.

ಆಮೇಲೆ ಏನಾಯಿತೆಂದು ಪೊರ್ಫಿರಿಯೊ ಹೇಳಿದ್ದೇ ಬರೆಯಬೇಕು. ನಾನು ಎರಡು ಸುತ್ತು ಉರುಳಿದೆನಂತೆ. ದೋನ್ಯಾ ತೋಮಾಸಾ ಕುರಿಮರಿಯನ್ನು ಹಿಡಿಯುವ ಹಾಗೆ ಅಂಗಿಯ ಕುತ್ತಿಗೆಗೆ ಕೈ ಹಾಕಿ ಎತ್ತಿದರಂತೆ. ನನಗೆ ಗೊತ್ತಿರುವುದು ಇಷ್ಟೇ: ಕಣ್ಣು ಬಿಟ್ಟಾಗ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದೆ, ಪ್ಯಾಂಟು ಇತ್ತು, ಆಕೆ ಪೂರ್ತಿ ನೆನೆದು, ಟೋಪಿ ಎಲ್ಲೋ ಹೋಗಿ, ತುಟಿ ನೆಕ್ಕುತ್ತಿದ್ದರು.

"ಉಪ್ಪು!" ಅಂತ ದಡಕ್ಕೆ ಕೇಳುವಂತೆ ಕೂಗಿದರು. "ಉಪ್ಪೈತ್ರಿ!"

"ನಿನ್ನೆಯಿಂದ ಜಾಸ್ತಿಯಾಗಿದೆ ಅಮ್ಮಾ!" ಎಂದು ಲಿಚಾ ದಡದಿಂದ ಕೂಗಿದಳು.

ಎಷ್ಟು ಹೊತ್ತು ಇದ್ದೆವೋ ಗೊತ್ತಿಲ್ಲ. ಪಾದದ ಮೇಲ್ಭಾಗ ಸುಟ್ಟಿದೆ. ಕ್ರೀಮು ಹಚ್ಚಿರಲಿಲ್ಲ.

ಫೆಬ್ರವರಿ 16, ಭಾನುವಾರ

ಬಸ್ಸು ಹತ್ತಿಸಿದೆ. ಬಾಟಲಿಯ ಕೆಸರನ್ನು ಚೆಲ್ಲಿ ಸಮುದ್ರದ ನೀರು ತುಂಬಿಸಿಕೊಟ್ಟಿದ್ದೆ. ಆಕೆ ಮುಂದಿನ ಸೀಟಿನಲ್ಲಿ ಕೂತು, "ಮತ್ತೇನರ ಹೇಳೂದೈತೇನ್ರಿ?" ಅಂತ ಕೇಳಿದರು. "ಹೋಗಿ ಬನ್ನಿ ಅಮ್ಮಾ" ಅಂದೆ.

ಬಸ್ಸು ಹೋದ ಮೇಲೆ ಟಯರು ನೋಡಲಿಲ್ಲ ಎಂದು ಹೊಳೆಯಿತು.

ಫೆಬ್ರವರಿ 18, ಮಂಗಳವಾರ

ನಿನ್ನೆ ಒತಿಲಿಯಾ ಬಂದಳು. ಬಂದವಳೇ ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಎರಡು ಪ್ಯಾಂಟು ನೋಡಿ ಮೂಸಿದಳು. "ಎರಡಕ್ಕೂ ಉಪ್ಪು ಹತ್ತಿದೆಯಲ್ಲ?" ಒಂದು ಶನಿವಾರದ್ದು ಅಂದೆ. ಇನ್ನೊಂದು? ಬೆಳಿಗ್ಗೆ ಬಾವುಟದ ಬಣ್ಣ ನೋಡಿಕೊಂಡು ಬರೋಣ ಅಂತ ಹೋಗಿದ್ದೆ, ಹೊಸ ಪ್ರವಾಸಿಗಳು ಬರುವ ಹೊತ್ತು, ತೊರಕೆ ಮೀನು ಇದೆಯೋ ಇಲ್ಲವೋ ಯಾರಾದರೂ ನೋಡಬೇಕಲ್ಲ. ಅದಕ್ಕೆ ಸ್ವಲ್ಪ ಇಳಿಯಬೇಕಾಯಿತು. ಇವತ್ತೂ ಹೋಗಿ ನೋಡಿ ಬಂದೆ. ಇರಲಿಲ್ಲ. ನಾಳೆ ಬರಬಹುದು.

ಸಂಜೆ ಫೋನು. ದೋನ್ಯಾ ತೋಮಾಸಾ ಕ್ಷೇಮವಾಗಿ ತಲುಪಿದ್ದಾರೆ. ಬೀದಿಯವರೆಲ್ಲರ ಹೆಸರು ಹಿಡಿದು ವಿಚಾರಿಸಿದರು. ಆಮೇಲೆ ಫೋನನ್ನು ತಮ್ಮ ಅಕ್ಕನಿಗೆ ಕೊಟ್ಟರು. ಅಕ್ಕ ಇನ್ನೂ ಹಿರಿಯರು, ಈಸ್ಟರಿಗೆ ಜೊತೆಯಲ್ಲಿ ಬಾ ಎಂದು ತಂಗಿ ಕರೆಯುತ್ತಿದ್ದಾರಂತೆ, ಆಕೆ ಒಲ್ಲೆ ಅನ್ನುತ್ತಿದ್ದಾರಂತೆ.

"ನಾ ಒಂದ ಮಾತು ಕೇಳ್ತೀನ್ರಿ, ಖರೇ ಹೇಳ್ರಿ" ಅಂದರು ಅಕ್ಕ. "ಅದು ಮಂದೀನ ಎಳೀತೈತಂತ, ಹೌದೇನು?"

ಒತಿಲಿಯಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

"ಎಳೆಯುತ್ತೆ ಅಮ್ಮಾ. ಬನ್ನಿ, ನಾನು ಕೈ ಹಿಡ್ಕೋತೀನಿ."

ಅಕ್ಕ ಆ ಕಡೆ ತಂಗಿಗೆ ಏನೋ ಪಿಸುಗುಟ್ಟಿದರು. ಆಮೇಲೆ, "ಆತು" ಅಂದರು.

ಒತಿಲಿಯಾ ಬಂದು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನೋ ಅಂತ. ಆ ಅಕ್ಕನಿಗೆ ಹೇಳಬೇಕಾದ್ದು ಇನ್ನೂ ಎಷ್ಟೋ ಇತ್ತು, ಫೋನಿನಲ್ಲಿ ಒಂದೂ ಹೇಳಲಾಗಲಿಲ್ಲ. ಇರಲಿ. ಬಂದ ಮೇಲೆ ನೀರಿನಲ್ಲೇ ನಿಂತು ಹೇಳಿದರಾಯಿತು.